ಸಹಾಯ ಬೇಕು: ಲಾರಿಯ ಹೆಡ್ ಗ್ಯಾಸ್ಕೆಟ್ ಮನೆಯಲ್ಲೇ ಬದಲಿಸುತ್ತಿದ್ದೇನೆ

ಎಲ್ಲರಿಗೂ ನಮಸ್ಕಾರ. ನನ್ನದು ನಾಲ್ಕು ಸಿಲಿಂಡರಿನ ಡೀಸೆಲ್ ಲಾರಿ. ಎರಡು ವಾರಗಳಿಂದ ರೇಡಿಯೇಟರಿನ ನೀರು ಕಡಿಮೆಯಾಗುತ್ತಲೇ ಇತ್ತು, ಹೊರಗೆ ಒಂದು ಹನಿಯೂ ಸೋರುತ್ತಿರಲಿಲ್ಲ. ಮೊನ್ನೆ ಆಯಿಲ್ ಮುಚ್ಚಳ ತೆಗೆದರೆ ಒಳಗೆ ಹಾಲಿನ ಕೆನೆಯಂಥ ಜಿಡ್ಡು! ಎದೆ ಧಸಕ್ಕೆಂದಿತು. ಆಯಿಲ್‌ಗೆ ನೀರು ಸೇರುತ್ತಿದೆ ಎಂದು ಆಗಲೇ ಗಾಡಿ ನಿಲ್ಲಿಸಿ ಹೆಡ್ (ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಭಾಗ) ಬಿಚ್ಚಿದೆ.

ಎರಡನೇ ಸಿಲಿಂಡರಿನಿಂದ ಪಕ್ಕದ ನೀರಿನ ರಂಧ್ರದವರೆಗೆ, ಹೆಡ್ ಮತ್ತು ಕೆಳಗಿನ ಬ್ಲಾಕಿನ ನಡುವೆ ಸೋರದಂತೆ ಕೂರಿಸುವ ಗ್ಯಾಸ್ಕೆಟ್ ಸುಟ್ಟು ಕಪ್ಪು ಗೆರೆಯಾಗಿದೆ. ಉಳಿದ ಮೂರು ಪಿಸ್ಟನ್‌ಗಳ ಮೇಲೆ ದಟ್ಟ ಮಸಿ. ಎರಡನೆಯದು ಮಾತ್ರ ಆವಿಯಲ್ಲಿ ತೊಳೆದಂತೆ ಹೊಳೆಯುತ್ತಿದೆ.

ನನ್ನನ್ನು ಕಾಡುತ್ತಿರುವುದು ಹೆಡ್‌ನ ಮೇಲ್ಮೈ. ಉದ್ದಕ್ಕೆ ನೇರಪಟ್ಟಿ ಇಟ್ಟರೆ ನಡುವೆ ಫೀಲರ್ ಗೇಜಿನ (ಸಂದಿ ಅಳೆಯುವ ತೆಳು ಎಲೆಗಳ ಸಾಧನ) 0.10 ಮಿ.ಮೀ. ಎಲೆ ಸಲೀಸಾಗಿ ತೂರುತ್ತದೆ, ತುದಿಗಳಲ್ಲಿ 0.05 ಕೂಡ ಹೋಗುವುದಿಲ್ಲ. ಇಷ್ಟು ಬಾಗಿದ ಹೆಡ್ಡನ್ನು ಫೇಸಿಂಗ್ (ಯಂತ್ರದಲ್ಲಿ ಉಜ್ಜಿ ಸಮತಟ್ಟು) ಮಾಡಿಸದೆ ಕೂರಿಸಲು ನನ್ನ ಮನಸ್ಸು ಒಪ್ಪುತ್ತಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಬಿರುಕಿನ ಪರೀಕ್ಷೆಯನ್ನಂತೂ ಮಾಡಿಸಿಯೇ ತೀರುತ್ತೇನೆ.

ಇನ್ನೊಂದು ಗೊಂದಲ: ಹಳೆಯ ಗ್ಯಾಸ್ಕೆಟ್ಟಿನ ಅಂಚಿನಲ್ಲಿ ಎರಡು ಕಚ್ಚುಗಳಿವೆ, ತಂದಿರುವ ಹೊಸದರಲ್ಲಿ ಮೂರು. ಕಚ್ಚು ದಪ್ಪದ ಗುರುತು, ಪಿಸ್ಟನ್ ಬ್ಲಾಕಿನಿಂದ ಎಷ್ಟು ಮೇಲೆ ಬರುತ್ತದೆ ಎಂಬುದರ ಮೇಲೆ ಆರಿಸಬೇಕು ಎಂಬುದು ಗೊತ್ತು. ಬ್ಲಾಕನ್ನು ಮುಟ್ಟಿಲ್ಲ. ಹಾಗಾದರೆ ಎರಡು ಕಚ್ಚಿನದನ್ನೇ ಹಾಕಲೇ, ಅಥವಾ ಫೇಸಿಂಗ್ ಆದ ಮೇಲೆ ದಪ್ಪದ್ದು ಬೇಕೇ?

ಹೆಡ್ಡಿನ ಬೋಲ್ಟ್‌ಗಳು ಟಾರ್ಕ್ ಕೊಟ್ಟ (ನಿಗದಿತ ಬಲಕ್ಕೆ ಬಿಗಿದ) ನಂತರ 90 ಡಿಗ್ರಿ ತಿರುಗಿಸುವ ಬಗೆಯವು, ಹಾಗಾಗಿ ಹೊಸವನ್ನೇ ತಂದಿದ್ದೇನೆ. ಕೈಯಾರೆ ಈ ಕೆಲಸ ಮಾಡಿದವರು ದಯವಿಟ್ಟು ಉತ್ತರಿಸಿ. ಬೇಕಾದರೆ ಗ್ಯಾಸ್ಕೆಟ್ಟಿನ ಚಿತ್ರ ಹಾಕುತ್ತೇನೆ.