ಹಾಸ್ಟೆಲಿಂದ ಬಂದ ಮಗ ಮಾತೇ ಆಡ್ತಿಲ್ಲ, ಎಲ್ಲಿಂದ ಶುರು ಮಾಡಲಿ?

ತೋಟದಮನೆ, ತೀರ್ಥಹಳ್ಳಿ ಕಡೆ:
ಎಲ್ಲರಿಗೂ ನಮಸ್ಕಾರ. ಮಗನಿಗೆ 17 ವರ್ಷ. ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದು ಸೆಕೆಂಡ್ ಪಿಯು ಸೈನ್ಸ್ ಓದ್ತಿದ್ದ. ಭೂಮಿ ಹುಣ್ಣಿಮೆಗೆ ಬಂದವನು ವಾಪಸ್ ಹೋಗಿಲ್ಲ. ದೀಪಾವಳಿಯೂ ಮುಗೀತು, ಮೂರು ವಾರವಾಯ್ತು. ರಾತ್ರಿ ಎರಡು ಗಂಟೆಗೂ ಅವನ ಕೋಣೆಯ ಲೈಟು ಉರೀತಿರುತ್ತೆ, ಬೆಳಿಗ್ಗೆ ಹತ್ತಾದರೂ ಏಳಲ್ಲ. ಕಡುಬು ಮಾಡಿದ ದಿನ ಎಂಟು ತಿನ್ನುತ್ತಿದ್ದವನು ಈಗ ತಟ್ಟೆ ಮುಂದೆ ಕೂತು ಹಾಗೇ ಎದ್ದು ಹೋಗ್ತಾನೆ. ಏನು ಕೇಳಿದರೂ "ಎಂತದೂ ಇಲ್ಲ ಅಪ್ಪಯ್ಯ". ಮೊನ್ನೆ ತಂಗಿಯ ಮೇಲೆ ಸಣ್ಣದಕ್ಕೆ ಕೂಗಾಡಿದ, ಆಮೇಲೆ ಕೊಟ್ಟಿಗೆ ಹಿಂದೆ ಒಬ್ಬನೇ ಅಳ್ತಿದ್ದ. ನಾನು ನೋಡಿದೆ, ಹತ್ತಿರ ಹೋಗಲಿಲ್ಲ. ಹೋಗಿ ಎಂತ ಹೇಳಬೇಕು ಅಂತಲೇ ಗೊತ್ತಾಗಲಿಲ್ಲ. ಅದೇ ಕೊರೀತಿದೆ.

ಮೊದಲ ವಾರ ಬೈದಿದ್ದೇನೆ ಕೂಡ. ನೀಟ್ ಕೋಚಿಂಗಿಗೆ ಕಟ್ಟಿದ ದುಡ್ಡಿನ ಲೆಕ್ಕ ಹೇಳಿದೆ. ಅಮ್ಮ ದೃಷ್ಟಿ ಅಂದ್ರು, ತೆಗೆಸಿದ್ದೂ ಆಯ್ತು. ಹೆಂಡತಿ ಡಾಕ್ಟರಿಗೆ ತೋರಿಸೋಣ ಅಂತಾಳೆ. ನನಗೂ ಹಾಗೇ ಅನ್ನಿಸುತ್ತೆ, ಆದರೆ ಊರು ಸಣ್ಣದು, ಬಸ್ಸು ಹತ್ತಿದರೆ ನಾಲ್ಕು ಜನ ಎಲ್ಲಿಗೆ ಅಂತ ಕೇಳ್ತಾರೆ. ಇದು ಓದಿನ ಬೇಸರವಾ, ಕಾಯಿಲೆಯಾ?

ಸಾಗರದ ತಾಯಿ:
ಅಣ್ಣಾ, ನನ್ನ ಮಗಳಿಗೂ ಹೀಗೇ ಆಗಿತ್ತು. ದೊಡ್ಡವರ ಹಾಗೆ ಮಂಕಾಗಿ ಕೂರೋದಕ್ಕಿಂತ ಈ ವಯಸ್ಸಿನವರಲ್ಲಿ ಸಿಡುಕೇ ಎದ್ದು ಕಾಣುತ್ತಂತೆ, ಅದಕ್ಕೇ ನಾವು ಸೊಕ್ಕು ಅಂದುಕೊಂಡು ಆರು ತಿಂಗಳು ಕಳೆದೆವು. ನಿದ್ದೆ, ಊಟ, ಆಸೆಪಟ್ಟು ಮಾಡ್ತಿದ್ದ ಕೆಲಸ ಎಲ್ಲ ಒಟ್ಟಿಗೆ ಎರಡು ವಾರದ ಮೇಲೂ ಕೆಟ್ಟಿದ್ದರೆ ತೋರಿಸಲೇಬೇಕು. ನೀವು ಮೂರು ವಾರ ಅಂತೀರಿ.

ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಮಾಡ್ತಾರೆ, ಮೊದಲು ಫೋನ್ ಮಾಡಿ ವಿಚಾರಿಸಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಚಿಕಿತ್ಸೆಯ ವಿಷಯ ಅವರು ಗುಟ್ಟಾಗಿಡಲೇಬೇಕು. ನಮ್ಮ ಡಾಕ್ಟರು ಮೊದಲು ರಕ್ತ, ಥೈರಾಯ್ಡ್ ನೋಡಿದರು, ಆಮೇಲೆ ಮಗಳನ್ನು ಒಬ್ಬಳನ್ನೇ ಕೂರಿಸಿ ಮಾತಾಡಿದರು. ಮಾತ್ರೆ ಕೊಟ್ಟರೆ ನಾಲ್ಕು ದಿನಕ್ಕೆ ಗುಣ ಹುಡುಕಬೇಡಿ, ಕೆಲವು ವಾರ ಬೇಕು. ನಡುವೆ ನೀವಾಗೇ ನಿಲ್ಲಿಸಲೂ ಬೇಡಿ. ನಾನು ನಿಲ್ಲಿಸಿದ್ದೆ, ಮತ್ತೆ ಮೊದಲಿಗೇ ಬಂತು.

ಹೊಸನಗರ ಹುಡುಗ:
ಅಂಕಲ್, ನನಗೀಗ 23. ಪಿಯುಸಿಯಲ್ಲಿ ನಾನೂ ನಿಮ್ಮ ಮಗನ ಜಾಗದಲ್ಲಿದ್ದೆ. ಎದುರು ಕೂರಿಸಿ ಕೇಳಿದರೆ ಮಾತು ಬರಲ್ಲ. ಈಗ ಕೊಯ್ಲಿನ ಸಮಯ ಅಲ್ವಾ, ರಾತ್ರಿ ಅಡಿಕೆ ಬೇಯಿಸುವಾಗ ಒಲೆ ಹತ್ತಿರ ಜೊತೆಗೆ ಕೂರಿಸಿಕೊಳ್ಳಿ. ಮಾರ್ಕ್ಸ್ ಸುದ್ದಿ ಎತ್ತಬೇಡಿ. ಬೈದದ್ದು ತಪ್ಪಾಯ್ತು ಅಂತ ಮೊದಲು ನೀವೇ ಹೇಳಿ. ನನ್ನ ಅಪ್ಪ ಅದನ್ನು ಹೇಳಿದ ದಿನ ನಾನು ಬಾಯಿಬಿಟ್ಟೆ.

ಇನ್ನೊಂದು, ಕಷ್ಟವಾದರೂ ನೇರವಾಗಿ ಕೇಳಿ: "ಸಾಯಬೇಕು ಅನ್ನಿಸುತ್ತಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟಲ್ಲ, ಹೊತ್ತುಕೊಂಡವನಿಗೆ ಹಗುರವಾಗುತ್ತೆ. ತೋಟಕ್ಕೆ ಹೊಡೆಯುವ ಔಷಧಿ, ಮನೆಯ ಮಾತ್ರೆಗಳನ್ನು ಇವತ್ತೇ ಬೀಗ ಹಾಕಿಡಿ. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ, ಮಂಗಳವಾರ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. 14416 ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ, ಹಗಲೂ ರಾತ್ರಿ ಇರುತ್ತೆ, ಉಚಿತ, ಕನ್ನಡದಲ್ಲೇ ಮಾತಾಡ್ತಾರೆ. ಅಪ್ಪ ಅಮ್ಮನೂ ಮಾಡಬಹುದು.

ಪಿಯು ಮೇಷ್ಟ್ರು:
ಕಾಲೇಜಿನ ವಿಷಯ ಮಾತ್ರ ಹೇಳ್ತೇನೆ. ಹಾಜರಿ 75% ಬೇಕು, ಹಾಗಾಗಿ ಪ್ರಿನ್ಸಿಪಾಲರಿಗೆ ಈಗಲೇ ಪತ್ರ ಕೊಡಿ, ಡಾಕ್ಟರ ಸರ್ಟಿಫಿಕೇಟ್ ಇಟ್ಟುಕೊಳ್ಳಿ. 2024ರಿಂದ ಪಿಯುಸಿ ಪರೀಕ್ಷೆಯನ್ನು ಅದೇ ವರ್ಷ ಇನ್ನೊಮ್ಮೆ ಬರೆಯುವ ಅವಕಾಶ ಇದೆ. ಇದು ಹುಡುಗನ ಕಿವಿಗೆ ಬೀಳಲಿ. ಹಾಸ್ಟೆಲಿನಲ್ಲಿ ಯಾರಾದರೂ ಹಿಂಸೆ ಕೊಡ್ತಿದ್ದರಾ ಅಂತಲೂ ಮೆಲ್ಲಗೆ ವಿಚಾರಿಸಿ.

ತೋಟದಮನೆ:
ನಿನ್ನೆ ಸಂಜೆ ಸಿಗ್ನಲ್ ಸಿಗುವ ದಿಬ್ಬ ಹತ್ತಿ 14416ಕ್ಕೆ ಮಾಡಿದೆ. ಆ ಹೆಣ್ಣುಮಗಳು ಸಮಾಧಾನವಾಗಿ ಪೂರ್ತಿ ಕೇಳಿಸಿಕೊಂಡಳು. ರಾತ್ರಿ ಒಲೆ ಮುಂದೆ ಮಗನಿಗೆ ತಪ್ಪಾಯ್ತು ಅಂದೆ. ತುಂಬಾ ಹೊತ್ತು ಸುಮ್ಮನಿದ್ದ. ಆ ಪ್ರಶ್ನೆ ಕೇಳುವಾಗ ನನ್ನ ಕೈ ನಡುಗ್ತಿತ್ತು. "ಸಾಯಬೇಕು ಅಂತಲ್ಲ ಅಪ್ಪಯ್ಯ, ಬೆಳಗಾಗೋದೇ ಬೇಡ ಅನ್ನಿಸುತ್ತೆ" ಅಂದ. ನನಗೆ ಮಾತು ಹೊರಡಲಿಲ್ಲ, ಅವನ ಬೆನ್ನ ಮೇಲೆ ಕೈಯಿಟ್ಟು ಕೂತೆ. ಹಂಡೆ ಇಳಿಸುವವರೆಗೂ ಅವನು ಎದ್ದು ಹೋಗಲಿಲ್ಲ. ರಾತ್ರಿ ಅವನ ಕೋಣೆಯಲ್ಲೇ ಮಲಗಿದೆ. ಔಷಧಿ ಕೋಣೆಗೆ ಬೀಗ ಹಾಕಿ ಕೀಲಿ ಹೆಂಡತಿ ಕೈಗೆ ಕೊಟ್ಟಿದ್ದೇನೆ.

ಈಗ ಮೊದಲ ಬಸ್ಸಿಗೆ ಮೂವರೂ ಮೆಗ್ಗಾನ್‌ಗೆ ಹೊರಟಿದ್ದೇವೆ. ಯಾರಾದರೂ ಕೇಳಿದರೆ ಮಗನಿಗೆ ಹುಷಾರಿಲ್ಲ, ಆಸ್ಪತ್ರೆಗೆ ಅಂತ ಹೇಳ್ತೇನೆ. ಸಾಗರದ ತಂಗಿ, ಹೋದ ವರ್ಷ ಜ್ವರಕ್ಕೆ ಮಾಡಿಸಿದ ರಕ್ತದ ರಿಪೋರ್ಟ್ ಇದೆ, ತಗೊಂಡು ಹೋಗ್ಲಾ?