‘ರ‍್ಯಾಂಚರ್’ ಪದಕ್ಕೆ ಕನ್ನಡ ಯಾವುದು?

ಅಮೆರಿಕದ ಮೊಂಟಾನಾ ರಾಜ್ಯದ ಮ್ಯಾಗಿ ಸ್ಮಿತ್ ಹ್ಯಾಥವೇ ಅವರ ಬದುಕನ್ನು ಕುರಿತು ಪ್ರೌಢಶಾಲೆಯ ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಒಹಾಯೋದಿಂದ ಮೊಂಟಾನಾಕ್ಕೆ ಪಾಠ ಹೇಳಲು ಬಂದ ಈಕೆ ಮುಂದೆ ಒಂದು ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಶಾಲೆಗಳ ಮೇಲ್ವಿಚಾರಣೆ ನೋಡಿಕೊಂಡರು. ಮದುವೆಯಾಗಿ ಹೆಚ್ಚು ಕಾಲ ಕಳೆಯುವ ಮೊದಲೇ ಪತಿ ತೀರಿಕೊಂಡರು. ಬಿಟರ್‌ರೂಟ್ ಕಣಿವೆಯಲ್ಲಿದ್ದ, ದನ ಸಾಕುವ ದೊಡ್ಡ ಹುಲ್ಲುಗಾವಲಾದ ರ‍್ಯಾಂಚನ್ನು ಈಕೆಯೇ ನಡೆಸಿದರು. 1914ರಲ್ಲಿ ಅಲ್ಲಿನ ಹೆಂಗಸರಿಗೆ ಮತದಾನದ ಹಕ್ಕು ತಂದ ಹೋರಾಟದಲ್ಲಿ ಊರೂರು ತಿರುಗಿ ಭಾಷಣ ಮಾಡಿದರು. 1916ರ ಚುನಾವಣೆಯಲ್ಲಿ ಗೆದ್ದು, ಎಮ್ಮಾ ಇಂಗಲ್ಸ್ ಅವರ ಜೊತೆಯಲ್ಲಿ ಆ ರಾಜ್ಯದ ಶಾಸನಸಭೆಯ ಮೊದಲ ಮಹಿಳಾ ಸದಸ್ಯರಾದರು.

ಈಕೆಯನ್ನು ಕನ್ನಡದಲ್ಲಿ ಶಿಕ್ಷಕಿ ಎನ್ನುವುದಕ್ಕೆ ತೊಡಕಿಲ್ಲ. ಶಾಸಕಿ ಎನ್ನುವುದಕ್ಕೆ ಸ್ವಲ್ಪ ವಿವರಣೆ ಬೇಕು. ಮೊಂಟಾನಾದ 1889ರ ಸಂವಿಧಾನದ ಪ್ರಕಾರ ಶಾಸನಸಭೆ ಎರಡು ವರ್ಷಕ್ಕೊಮ್ಮೆ ಸೇರುತ್ತಿತ್ತು, ಅದೂ ಅರವತ್ತು ದಿನ ಮೀರುವಂತಿರಲಿಲ್ಲ. ಅಧಿವೇಶನ ಮುಗಿದೊಡನೆ ಸದಸ್ಯರು ತಮ್ಮ ಹೊಲ, ದನ, ಅಂಗಡಿಗಳಿಗೆ ಮರಳುತ್ತಿದ್ದರು. ಇದನ್ನು ಹೇಳದೆ ‘ಶಾಸಕಿ’ ಎಂದಷ್ಟೇ ಬರೆದರೆ ನಮ್ಮ ಮಕ್ಕಳ ಕಣ್ಣಿಗೆ ಬೇರೆಯೇ ಚಿತ್ರ ಕಟ್ಟುತ್ತದೆ. (ಪತ್ರಿಕೆಗಳಲ್ಲಿ ಬರುವ ‘ಸೆನೆಟರ್’ ಪದದ ಬಗ್ಗೆಯೂ ನನಗೆ ಇಂಥದ್ದೇ ಆಕ್ಷೇಪವಿದೆ. ಅದೇ ಮೊಂಟಾನಾದಲ್ಲಿ ಸಂಗೀತದ ಮೇಷ್ಟರಾಗಿದ್ದ ರೈತ ಜಾನ್ ಟೆಸ್ಟರ್ 2005ರಲ್ಲಿ ರಾಜ್ಯ ಶಾಸನಸಭೆಯ ಮೇಲ್ಮನೆಯಾದ ಸೆನೆಟ್ಟಿನ ಅಧ್ಯಕ್ಷರಾಗಿದ್ದರು. 2007ರಲ್ಲಿ ವಾಷಿಂಗ್ಟನ್ನಿನಲ್ಲಿರುವ ಇಡೀ ದೇಶದ ಸೆನೆಟ್ಟಿಗೆ ಹೋದರು. ಎರಡಕ್ಕೂ ಬರಿದೇ ‘ಸೆನೆಟರ್’ ಎಂದರೆ ಓದುಗರಿಗೆ ತಿಳಿಯುವುದು ಹೇಗೆ? ಮೊದಲನೆಯದಕ್ಕೆ ‘ರಾಜ್ಯ ಸೆನೆಟ್ ಸದಸ್ಯ’ ಎನ್ನುವುದೇ ಸರಿ.)

ನನ್ನನ್ನು ನಿಜಕ್ಕೂ ಕಾಡುತ್ತಿರುವುದು ‘ರ‍್ಯಾಂಚರ್’. ‘ದನಗಾಹಿ’, ‘ಗೋಪಾಲಕಿ’ ಎಂಬ ಅನುವಾದಗಳನ್ನು ಕಂಡಿದ್ದೇನೆ, ನನಗೆ ಒಪ್ಪಿಗೆಯಾಗಿಲ್ಲ. ದನಗಾಹಿ ದನ ಕಾಯುವವನು, ದನ ಅವನದೇ ಆಗಿರಬೇಕಿಲ್ಲ. ಹಳಗನ್ನಡದ ‘ತುರು’ವಿನಿಂದ ಬಂದ ‘ತುರುಗಾಹಿ’ಯೂ ಅಷ್ಟೇ, ವಚನಕಾರ ತುರುಗಾಹಿ ರಾಮಣ್ಣನ ಹೆಸರಿನಲ್ಲಿರುವುದು ಕಾಯಕ, ಒಡೆತನವಲ್ಲ. ‘ಗೊಲ್ಲ’, ‘ಗೋವಳ’ ಎಂದರೆ ಸಮುದಾಯದ ನೆನಪು ಬರುತ್ತದೆ. ‘ರೈತ ಮಹಿಳೆ’ ಎಂದರೆ ಉಳುಮೆ ಮುಂದೆ ಬಂದು ದನ ಹಿಂದಾಗುತ್ತದೆ. ರ‍್ಯಾಂಚರ್ ಎಂದರೆ ವಿಸ್ತಾರವಾದ ಮೇವಿನ ನೆಲ ಮತ್ತು ಅಲ್ಲಿ ಮೇಯುವ ಮಂದೆ ಎರಡರ ಒಡೆತನವೂ ದುಡಿಮೆಯೂ ಕೂಡಿದ ಬದುಕು.

ಜಾಗಕ್ಕೆ ನಮ್ಮಲ್ಲಿ ಹತ್ತಿರದ ಪದವಿದೆ: ‘ಕಾವಲು’. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ದನಗಳ ಇಲಾಖೆಯಾದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಅದರ ದನಗಳಿಗಾಗಿ ಬಿಟ್ಟ ಹುಲ್ಲಿನ ಬಯಲುಗಳು ಚಿತ್ರದುರ್ಗ, ಚಿಕ್ಕಮಗಳೂರು, ಹಾಸನದ ಕಡೆ ಇಂದಿಗೂ ಅಮೃತ ಮಹಲ್ ಕಾವಲು ಎಂದೇ ಹೆಸರಾಗಿವೆ. ಆದರೆ ಅವು ಸರ್ಕಾರದ ನೆಲ. ಗೋಮಾಳವಂತೂ ಊರಿನ ದನಗಳಿಗೆಲ್ಲ ಬಿಟ್ಟದ್ದು. ದನ ಮೇಯಿಸುವುದಕ್ಕೆಂದೇ ಒಬ್ಬರ ಸ್ವಂತದ್ದಾಗಿ ಇಷ್ಟು ಭೂಮಿ ಇರುವುದು ನಮ್ಮ ಅನುಭವದಲ್ಲಿ ವಿರಳವಾದ್ದರಿಂದಲೇ ಪದವೂ ಹುಟ್ಟಿಲ್ಲವೆಂದು ನನ್ನ ಊಹೆ. ‘ಕಾವಲಿನ ಒಡತಿ’ ಎಂದು ಬರೆದು ನೋಡಿದೆ. ಕಿವಿಗೆ ಇಂಪಾಗಿದೆ, ಆದರೆ ಹಳೆ ಮೈಸೂರಿನವರು ಅದನ್ನು ಸರ್ಕಾರಿ ಕಾವಲೆಂದೇ ಓದಿಯಾರು. ಉಳಿದವರಿಗೆ ಪಹರೆಯೆಂದು ತೋರೀತು.

ಇನ್ನೊಂದು ದಾರಿ, ಪದವನ್ನು ಹಾಗೆಯೇ ಉಳಿಸಿಕೊಳ್ಳುವುದು. ಕೊಡಗು, ಚಿಕ್ಕಮಗಳೂರಿನಲ್ಲಿ ಕಾಫಿ ಬೆಳೆಗಾರರನ್ನು ‘ಪ್ಲಾಂಟರ್’ ಎನ್ನುವುದು ಯಾರಿಗೂ ವಿಚಿತ್ರವೆನಿಸುವುದಿಲ್ಲ. ಇಂಗ್ಲಿಷ್ ಕೂಡ ‘ರ‍್ಯಾಂಚ್’ ಅನ್ನು ಸ್ಪ್ಯಾನಿಷ್‌ನ ‘ರಾಂಚೊ’ ಪದದಿಂದ ಪಡೆದದ್ದೇ. ಮೊದಲ ಸಲ ‘ದನ ಸಾಕುವ ದೊಡ್ಡ ಹುಲ್ಲುಗಾವಲು, ಅಂದರೆ ರ‍್ಯಾಂಚ್’ ಎಂದು ಬಿಡಿಸಿ ಹೇಳಿ, ಆಮೇಲೆ ರ‍್ಯಾಂಚ್ ಎಂದೇ ಮುಂದುವರಿಸುವುದು ಸದ್ಯಕ್ಕೆ ನನ್ನ ಒಲವು.

ಆದರೂ ಕೇಳದೆ ಬಿಡಲಾರೆ. ಹಳ್ಳಿಕಾರ್ ದನಗಳನ್ನು ತಲೆಮಾರುಗಳಿಂದ ಸಾಕಿದ ಮನೆತನದವರಲ್ಲಿ, ಬಯಲುಸೀಮೆಯಲ್ಲಿ, ಉತ್ತರ ಕರ್ನಾಟಕದಲ್ಲಿ ದೊಡ್ಡ ಮಂದೆಯ ಒಡೆಯನಿಗೆ, ಅದರಲ್ಲೂ ಒಡತಿಗೆ, ಬಳಕೆಯಲ್ಲಿ ಪದವಿದೆಯೇ? ಇದ್ದರೆ ಯಾವ ಊರಿನದು, ಯಾರ ಬಾಯಲ್ಲಿ ಕೇಳಿದ್ದು ಎಂಬುದನ್ನೂ ಸೇರಿಸಿ ತಿಳಿಸಿ. ನಿಘಂಟಿನಿಂದ ಹೊಸದಾಗಿ ಕಟ್ಟಿದ ಸಂಸ್ಕೃತ ಸಮಾಸ ನನಗೆ ಬೇಡ.