ಎಲೆಯ ಮೇಲೆ ಆರಿದ ಮಳೆಗೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಅಮೆಜಾನ್ ಕಾಡಿನ ನೀರಿನ ಲೆಕ್ಕದ ಮೇಲೊಂದು ಲೇಖನ ಬರೆಯುತ್ತಿದ್ದೇನೆ. ‘ಇವ್ಯಾಪೊಟ್ರಾನ್ಸ್‌ಪಿರೇಶನ್’ ಎಂಬಲ್ಲಿ, ಅಂದರೆ ಗಿಡ, ನೆಲ, ಕೆರೆಗಳಿಂದ ಒಟ್ಟಾಗಿ ಏರುವ ಆವಿಗೆ ಕನ್ನಡ ಪದ ಹುಡುಕುವಲ್ಲಿ, ಗಾಡಿ ನಿಂತಿದೆ. ಗಿಡ ಪತ್ರರಂಧ್ರದಿಂದ ನೀರು ಬಿಡುವುದಕ್ಕೆ ಶಾಲೆಯಲ್ಲಿ ಕಲಿತ ‘ಬಾಷ್ಪವಿಸರ್ಜನೆ’ ಇದೆ. ಮಣ್ಣು, ಕೆರೆಯ ನೀರಿಗೆ ‘ಆವಿಯಾಗುವಿಕೆ’ ಸಾಕು. ಎರಡೂ ಕೂಡಿದ್ದಕ್ಕೂ ಬಾಷ್ಪವಿಸರ್ಜನೆ ಎಂದೇ ಬರೆದರೆ ಭಾಗಕ್ಕೂ ಒಟ್ಟಿಗೂ ಒಂದೇ ಹೆಸರಾಯಿತು. ‘ಬಾಷ್ಪನಷ್ಟ’ವೂ ನನಗೆ ಒಗ್ಗದು. ನೀರು ಹಾಯಿಸುವ ರೈತನಿಗೆ ಅದು ನಷ್ಟ, ಸರಿ. ಅಮೆಜಾನಿನಲ್ಲಿ ಆ ಆವಿಯೇ ಮುಂದೆ ಹೋಗಿ ಮಳೆಯಾಗುತ್ತದೆ.

ಮಳೆಕಾಡಿನಲ್ಲಿ ಇನ್ನೊಂದು ತೊಡಕು. ಬ್ರೆಜಿಲಿನ ಮನೌಸ್ ಹತ್ತಿರದ ಡುಕೆ ಕಾಡಿನಲ್ಲಿ 1983ರಿಂದ 85ರವರೆಗೆ ಮರಗಳ ನೆತ್ತಿ ದಾಟುವ 45 ಮೀಟರ್ ಗೋಪುರ ಕಟ್ಟಿ ಅಳೆದರು. ಕೆಳಗೆ ಮಳೆಮಾಪಕಗಳನ್ನು ಜಾಗ ಬದಲಿಸುತ್ತ ಇಟ್ಟರು. ಬಿದ್ದ ಮಳೆಯ ಸುಮಾರು ಅರ್ಧ ಮತ್ತೆ ಆವಿಯಾಗಿ ಏರುತ್ತಿತ್ತು. ಮಳೆಯಲ್ಲಿ ನೂರಕ್ಕೆ ಸುಮಾರು 9 ಪಾಲಂತೂ ನೆಲ ಮುಟ್ಟಲೇ ಇಲ್ಲ, ಎಲೆಯ ಮೇಲೇ ಆರಿಹೋಯಿತು. ಇದು ಬೇರು ಹೀರಿದ ನೀರಲ್ಲ, ಮಣ್ಣಿನದೂ ಅಲ್ಲ. ಲೆಕ್ಕದಲ್ಲೂ ಇದರ ದಾರಿ ಬೇರೆ: ಆವಿಯ ಪ್ರಮಾಣ ಲೆಕ್ಕಹಾಕುವ ಪೆನ್ಮನ್-ಮಾಂಟೀತ್ ಸೂತ್ರದಲ್ಲಿ ಎಲೆ ಒದ್ದೆಯಿರುವಷ್ಟು ಹೊತ್ತು ಪತ್ರರಂಧ್ರಗಳ ತಡೆ ಸೊನ್ನೆ, ಒಣಗಿದ ಮೇಲೆ ಆ ತಡೆಯದೇ ಆಟ. ಡಚ್ ಜಲವಿಜ್ಞಾನಿ ಸಾವನೈಯ 2004ರಲ್ಲಿ ಇಂಗ್ಲಿಷಿನಿಂದಲೇ ‘ಇವ್ಯಾಪೊಟ್ರಾನ್ಸ್‌ಪಿರೇಶನ್’ ಎಂಬ ಈ ಜೋಡುಪದವನ್ನು ತೆಗೆದುಹಾಕಿ ಎಂದು ಬರೆದದ್ದು ಇದೇ ಕಾರಣಕ್ಕೆ. ಅವರೇ ಬೇಡವೆಂದದ್ದನ್ನು ನಾವು ಸಂಸ್ಕೃತ ಹೊದಿಸಿ ಯಾಕೆ ಹೊರಬೇಕು?

ನನ್ನ ಸಲಹೆ: ಒಟ್ಟಿಗೆ ‘ಒಟ್ಟಾವಿ’, ಒಳಗಿನ ಪಾಲುಗಳಿಗೆ ‘ಎಲೆಬೆವರು’, ‘ಎಲೆಯಾರು’, ‘ನೆಲದಾವಿ’. ಬಟ್ಟೆ ಆರುವ ‘ಆರು’ವೇ ಇದು. ಸಂಖ್ಯೆಯ ಆರು ಅಂದುಕೊಂಡಾರು ಎಂಬ ಭಯ ನನಗೂ ಇದೆ.

ಹಸಿರು ಚಪ್ಪರ ದಾಟಿ ಕೆಳಗೆ ಬೀಳುವುದಕ್ಕೆ ‘ಮರಹನಿ’ ಆದೀತೇ? ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬ ಗಾದೆಯೇ ಇದೆಯಲ್ಲ. ಆದರೆ ಎಲೆಸಂದಿಯಿಂದ ನೇರ ಬಿದ್ದ ಮಳೆಯೂ ಆ ಮಾಪಕಕ್ಕೇ ಬೀಳುತ್ತದೆ, ಅದು ಮರದ ಹನಿ ಅಲ್ಲ.

ಇನ್ನು ಕಾಂಡದ ಮೇಲೆ ಇಳಿದು ಬರುವ ನೀರು. ಡುಕೆಯಲ್ಲಿ ಅದು ನೂರಕ್ಕೆ 2 ಪಾಲೂ ಇರಲಿಲ್ಲ. ನಮ್ಮಜ್ಜಿ ಮಾತ್ರ ಮಳೆಗಾಲದಲ್ಲಿ ತೆಂಗಿನ ಬೊಡ್ಡೆಗೆ ಒಂದು ಗರಿ ಬಿಗಿದು ಅದರ ತುದಿಗೆ ಕೊಡ ಇಡುತ್ತಿದ್ದರು. ದೊಡ್ಡ ಮಳೆಗೆ ಕೊಡ ತುಂಬಿ ಚೆಲ್ಲುತ್ತಿತ್ತು. ನಿಮ್ಮ ಕಡೆ ಆ ನೀರಿಗೆ ಏನಂತಾರೆ?